ಮನಿ ಬದಲಿ ಮಾಡ್ಕೊಂಡ್ರ ಅವರು ಕಬ್ಜಾ ಮಾಡ್ಕೊಳ್ಳಂಗಿಲ್ಲೇನ್ರಿ?

ಪ್ರಶ್ನೆ: ರಜಾದಾಗ ಮೈಸೂರಿನ ಒಂದು ಫ್ಯಾಮಿಲಿ ನಮ್ಮ ಕೊಪ್ಪಳದ ಮನಿಯಾಗ, ನಾವು ಅವರ ಮನಿಯಾಗ, ಹತ್ತು ದಿನ ಇರೋಣಂತ ಮಾತಾಗೈತಿ. ಲಾಡ್ಜ್ ಖರ್ಚು ಉಳಿತೈತಿ. ಆದ್ರ ನಮ್ಮ ಮಾವನವರು "ಬ್ಯಾರೆಯವರನ್ನ ಮನಿಯೊಳಗ ಬಿಟ್ರ ಮನಿನೇ ಅವರದಾಗ್ತೈತಿ" ಅಂತಾರ. ಏನ್ ಮಾಡೋದ್ರಿ?

ಮತ್ತ ಬಂತು ನೋಡ್ರಿ ಇದೇ ಪ್ರಶ್ನೆ. ಒಮ್ಮೆ ಮಾವ, ಒಮ್ಮೆ ದೊಡ್ಡಪ್ಪ, ಹೆದರಿಕಿ ಮಾತ್ರ ಅದೇ.

ಮನಿ ಬದಲಿ ಅಂದ್ರ ಏನಂತ ಲಗೂ ಮುಗಿಸ್ತೀನಿ. ರೊಕ್ಕ ಕೊಡಂಗಿಲ್ಲ, ತಗೊಳ್ಳಂಗಿಲ್ಲ, ಕೀಲಿಕೈ ಅದಲು ಬದಲು, ಅಷ್ಟ. ಹೊಸದೇನಲ್ಲ, ಯುರೋಪಿನ ಮಾಸ್ತರುಗಳು 1953ರಾಗೇ ಇಂಟರ್‌ವ್ಯಾಕ್ ಅಂತ ಸಂಘ ಕಟ್ಕೊಂಡು ರಜಾಕ್ಕ ಇದನ್ನ ಮಾಡ್ತಿದ್ರು.

ಈಗ ಕಬ್ಜಾದ ಮಾತು. ನಿಮ್ಮ ಮಾವನವರ ತಲಿಯಾಗ ಕುಂತಿರೋದು "12 ವರ್ಷ ಇದ್ರ ಮನಿ ಅವರದು" ಅನ್ನೋ ಲೆಕ್ಕ. ಇದು ಪೂರ್ತಿ ಸುಳ್ಳಾಗಿದ್ರ ಯಾವಾಗೋ ಸಾಯ್ತಿತ್ತು, ಅರ್ಧ ಖರೆ ಐತಿ ಅದಕ್ಕ ಸಾಯವಲ್ದು. 1963ರ ಲಿಮಿಟೇಶನ್ ಆಕ್ಟ್‌ನ್ಯಾಗ 65ನೇ ಆರ್ಟಿಕಲ್ ಅಂತ ಐತಿ, ಆಸ್ತಿ ವಾಪಸ್ ಬೇಕಂದ್ರ ಮಾಲೀಕ 12 ವರ್ಷದೊಳಗ ಕೇಸ್ ಹಾಕಬೇಕು, ಇಲ್ಲಂದ್ರ ಅವನ ಹಕ್ಕು ಹೋಗ್ತೈತಿ. ಆದ್ರ ಆ 12 ವರ್ಷದ ಎಣಿಕಿ ಶುರು ಆಗೋದು ಯಾವಾಗ ಅನ್ನೋದನ್ನ ಯಾರೂ ಓದಂಗಿಲ್ಲ. ಒಬ್ಬವ ನಿಮ್ಮ ಹಕ್ಕಿಗೆ ಎದುರು ಬಿದ್ದು, "ಇದು ನಂದು, ನೀ ಯಾರು ಕೇಳಾಕ" ಅಂತ ಊರಿಗೆಲ್ಲ ಕಾಣಂಗ ಕುಂತಾಗ ಶುರು. ನೀವೇ ಬರ್ರಿ ಅಂತ ಕರದು ಕೀಲಿಕೈ ಕೊಟ್ಟಿದ್ರ ಎಣಿಕಿ ಶುರುನೇ ಆಗಂಗಿಲ್ಲ! ಒಪ್ಪಿಗಿ ಮ್ಯಾಲೆ ಇದ್ದವರು ಎಷ್ಟು ವರ್ಷ ಇದ್ರೂ, ಬರೇ ಇದ್ದದ್ದಕ್ಕ ಮಾಲೀಕರಾಗಂಗಿಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳೈತಿ. ಬಾಡಿಗಿಯವರಿಗೂ ಇದೇ ಮಾತು. ಇನ್ನ ಹತ್ತು ದಿನದ ಅತಿಥಿಗಳು ಯಾವ ಲೆಕ್ಕ, ಜೆಸ್ಕಾಂ ಕರೆಂಟ್ ಬಿಲ್ ಆ ತಿಂಗಳು ಅವರ ಫೋನ್‌ಪೇಯಿಂದ ಕಟ್ಟಿದ್ರೂ ಮನಿ ಖಾತಾ ಬದಲಾಗಂಗಿಲ್ಲ.

ಹಂಗಾರ ಹಿರಿಯರಿಗೆ ಈ ಹೆದರಿಕಿ ಎಲ್ಲಿಂದ ಬಂತು? ನನಗ ಅನ್ಸೋದು, ಹೊಲದಿಂದ. 1974ರಾಗ ಭೂ ಸುಧಾರಣೆ ತಿದ್ದುಪಡಿ ಜಾರಿ ಆದಮ್ಯಾಲೆ ಗೇಣಿದಾರರು ಫಾರಂ ನಂಬರ್ 7 ಹಾಕಿ ಹೊಲಕ್ಕ ಮಾಲೀಕರಾದ್ರು, ನಮ್ಮ ಕಡೆ ಅದನ್ನ ಕಂಡವರು ಇನ್ನೂ ಅದಾರ. ಆದ್ರ ಅದು ಗೇಣಿಗೆ ಉಳೋ ಹೊಲದ ಕಾನೂನು, ಸಿಮೆಂಟ್ ಮನಿದಲ್ಲ. ಮಾವನವರಿಗೆ ಇದನ್ನ ಸಮಾಧಾನದಿಂದ ಹೇಳ್ರಿ, ಜಗಳ ಬ್ಯಾಡ. ಮತ್ತೂ ಒಪ್ಪಲಿಲ್ಲಂದ್ರ ಒಂದು ಹಾಳ್ಯಾಗ ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಬಾಡಿಗಿ ಇಲ್ಲ, ಬರೇ ಅತಿಥಿಗಳಾಗಿ ಅಂತ ಬರದು ಎರಡೂ ಕಡೆ ಸೈನ್ ಮಾಡ್ರಿ.

ಖರೆ ತಕರಾರು ಬರೋದು ಬ್ಯಾರೆ ಕಡೆ. ಅಡಗಿಮನಿಯಾಗ ಮೊಟ್ಟಿ, ಮೀನು ನಡೀತೈತೋ ಇಲ್ಲೋ ಮೊದಲ ಮಾತಾಡ್ರಿ. ದೇವರ ಕೋಣಿಗೆ ಬೀಗ ಹಾಕ್ತಿದ್ರ ನಾಚ್ಕೊಳ್ಳದ ಹೇಳ್ರಿ. ಬಂಗಾರ ಲಾಕರಿಗೆ. ನಳಾ ಯಾವ ದಿನ ಬರ್ತೈತಿ, ಸಂಪ್‌ನಿಂದ ಟ್ಯಾಂಕಿಗೆ ಮೋಟರ್ ಎಷ್ಟೊತ್ತು ಹಾಕಬೇಕು, ಬರದು ಗ್ವಾಡಿಗೆ ಅಂಟಸ್ರಿ, ಮೈಸೂರಿನವರಿಗೆ ನಮ್ಮ ನೀರಿನ ಲೆಕ್ಕ ತಿಳಿಯಂಗಿಲ್ಲ. ನೀವೇ ಬಾಡಿಗಿ ಮನಿಯಾಗಿದ್ರ ಓನರ್‌ನ ಕೇಳದ ಇದಕ್ಕ ಕೈ ಹಾಕಬ್ಯಾಡ್ರಿ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರ ಬಾಳ ಮಂದಿ "ನಮ್ಮ ಕೊಪ್ಪಳಕ್ಕ ಯಾರು ಬರ್ತಾರ್ರಿ" ಅಂತ ಮೊದಲೇ ಕೈ ಚೆಲ್ತಾರ. ಆನೆಗೊಂದಿ, ಅಂಜನಾದ್ರಿ ನಮ್ಮ ಜಿಲ್ಲಾದಾಗೇ ಅದಾವ, ಹೊಳಿ ಆಚೆ ಹಂಪಿ. 1112ರಾಗ ಕಟ್ಟಿದ ಇಟಗಿ ಮಹಾದೇವ ಗುಡಿ, ಗವಿಮಠದ ಗುಡ್ಡದಾಗ ಅಶೋಕನ ಶಾಸನ, ಕಿನ್ನಾಳ ಗೊಂಬಿ. ಬ್ಯಾಸಿಗಿಯಾಗ ಮಾತ್ರ ಯಾರನ್ನೂ ಕರೀಬ್ಯಾಡ್ರಿ, 40 ಡಿಗ್ರಿ ಬಿಸಲಾಗ ಬಂದವರು ಶಾಪ ಹಾಕಿ ಹೋಗ್ತಾರ. ಎರಡೂ ಮನಿ ಒಂದೇ ಟೈಮಿಗೆ ಬದಲಿ ಆಗಬೇಕಂತ ರೂಲ್ಸ್ ಏನಿಲ್ಲ, ಅವರು ಜನವರಿಯಾಗ ಗವಿಮಠದ ಜಾತ್ರಿಗೆ ಬರ್ಲಿ, ಆ ನಾಕು ದಿನ ನೀವು ಹಳ್ಳಿಗೆ ಹೋಗ್ರಿ, ಅವರ ಮನಿಗೆ ನೀವು ಮೇ ತಿಂಗಳದಾಗ ಹೋಗ್ರಿ.

ಒಂದೇ ಟೈಮಿಗೆ ಬೇಕಂದ್ರ ದಸರಾ ರಜಾ ಕೇಳಿ ನೋಡ್ರಿ. ಆ ಗದ್ದಲದಾಗ ಊರು ಬಿಟ್ಟು ಹೋಗೋಣ ಅನ್ನೋ ಮೈಸೂರಿನವರು ಸಿಕ್ಕೇ ಸಿಗ್ತಾರ. ಅವರ ಮನಿ ಅರಮನಿ ಹತ್ರ ಇದ್ರ ಜಂಬೂ ಸವಾರಿ ದಿನ ಕಾರ್ ಹೊರಗ ತೆಗೀಬ್ಯಾಡ್ರಿ, ರಸ್ತಾ ಬಂದ್ ಮಾಡಿರ್ತಾರ.