ಎಫ್‌ಎಫ್‌ಆರ್ 0.85 ಬಂದರೆ ಮಾತ್ರೆ ಬಿಡಬಹುದಾ?

‘ಪ್ರೆಷರ್ ನೋಡಿ ಸ್ಟೆಂಟ್ ಬೇಡ ಅಂದಿರಿ, ಹಾಗಾದ್ರೆ ಕೊಲೆಸ್ಟ್ರಾಲ್ ಮಾತ್ರೆ ಯಾಕೆ ಡಾಕ್ಟ್ರೇ?’ ಆಂಜಿಯೋಗ್ರಾಂ ಆದ ಮೇಲೆ ರೋಗಿಗಳು ನನ್ನನ್ನು ಪದೇ ಪದೇ ಕೇಳುತ್ತಾರೆ. ಇಲ್ಲಿ ಪ್ರೆಷರ್ ಅಂದರೆ ಬಿಪಿ ಅಲ್ಲ, ಹೃದಯದ ರಕ್ತನಾಳದೊಳಗಿನ ಒತ್ತಡ. ಅದನ್ನು ಅಳೆದಾಗ ಸಿಗುವ ಅಂಕಿಯೇ ಎಫ್‌ಎಫ್‌ಆರ್. ಕೇಳಲೇಬೇಕಾದ ಪ್ರಶ್ನೆ. ಕೆಲವರಂತೂ ಕೇಳದೆಯೇ ಮಾತ್ರೆ ಬಿಟ್ಟುಬಿಡುತ್ತಾರೆ, ನನಗೆ ಭಯವಾಗುವುದು ಅವರ ಬಗ್ಗೆ.

ಆಂಜಿಯೋಗ್ರಾಂನಲ್ಲಿ ಕಾಣುವುದು ರಕ್ತ ಹರಿಯುವ ದಾರಿಯ ನೆರಳು ಮಾತ್ರ. ದಾರಿ ಎಷ್ಟು ಕಿರಿದಾಗಿದೆ ಎಂದು ಕಣ್ಣಳತೆಯಲ್ಲಿ ಹೇಳುತ್ತೇವೆ. ಅದರಿಂದ ಹೃದಯದ ಸ್ನಾಯುವಿಗೆ ರಕ್ತ ಕಡಿಮೆಯಾಗುತ್ತಿದೆಯಾ ಎನ್ನುವುದು ಬೇರೆ ಪ್ರಶ್ನೆ. 2009ರಲ್ಲಿ ಪ್ರಕಟವಾದ ಫೇಮ್ ಅಧ್ಯಯನದ ರೋಗಿಗಳಲ್ಲಿ ಶೇ. 50ರಿಂದ 70ರಷ್ಟು ಎಂದು ಕಂಡ ಬ್ಲಾಕ್‌ಗಳನ್ನು ಅಳೆದು ನೋಡಿದರು. ಹರಿವಿಗೆ ನಿಜವಾಗಿ ಅಡ್ಡಿಯಾಗಿದ್ದವು ಸುಮಾರು ಮೂರನೇ ಒಂದು ಭಾಗ. ಶೇ. 71ರಿಂದ 90ರ ಬ್ಲಾಕ್‌ಗಳಲ್ಲೂ ಐದಕ್ಕೊಂದು ಅಡ್ಡಿ ಮಾಡುತ್ತಿರಲಿಲ್ಲ.

ಅಳೆಯುವ ವಿಧಾನ ಸರಳ. ತುದಿಯ ಹತ್ತಿರ ಸೆನ್ಸರ್ ಇರುವ, ಅರ್ಧ ಮಿಲಿಮೀಟರಿಗಿಂತ ತೆಳುವಾದ ತಂತಿಯನ್ನು ಬ್ಲಾಕ್ ದಾಟಿಸುತ್ತೇವೆ. ಅಡೆನೋಸಿನ್ ಎಂಬ ಔಷಧಿ ಕೊಟ್ಟು ಹರಿವನ್ನು ಗರಿಷ್ಠಕ್ಕೆ ಏರಿಸುತ್ತೇವೆ. ಆಗ ಬ್ಲಾಕಿನಾಚೆಯ ಒತ್ತಡವನ್ನು ಮಹಾಧಮನಿಯ ಒತ್ತಡದಿಂದ ಭಾಗಿಸಿದರೆ ಎಫ್‌ಎಫ್‌ಆರ್. ಮಹಾಧಮನಿಯಲ್ಲಿ 100, ಆಚೆ 75 ಇದ್ದರೆ 0.75. ಆರೋಗ್ಯವಂತ ನಾಳದಲ್ಲಿ 1ರ ಹತ್ತಿರ ಇರುತ್ತದೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸ್ಟೆಂಟ್ ಅಥವಾ ಬೈಪಾಸ್ ಮಾತು ಬರುತ್ತದೆ.

ಈ ಅಂಕಿ ಕೊಬ್ಬಿನ ಗಂಟಿನ ಗುಣ ಅಲ್ಲ. ಕಿರಿದಾದ ಭಾಗ ಎಷ್ಟು ಉದ್ದ ಇದೆ, ಆ ನಾಳ ಎಷ್ಟು ಸ್ನಾಯುವಿಗೆ ರಕ್ತ ಕೊಡುತ್ತಿದೆ, ಎಲ್ಲ ಲೆಕ್ಕಕ್ಕೆ ಬರುತ್ತದೆ. ದೊಡ್ಡ ನಾಳದ ಬುಡದಲ್ಲಿರುವ ಶೇ. 60ರ ಬ್ಲಾಕ್ 0.74 ತೋರಿಸಬಹುದು. ಚಿಕ್ಕ ಕವಲಿನಲ್ಲಿ ಅಷ್ಟೇ ಬ್ಲಾಕ್ 0.90 ತೋರಿಸಬಹುದು. ಹಿಂದೆ ಹೃದಯಾಘಾತವಾಗಿ ಆ ಭಾಗದ ಸ್ನಾಯು ಸತ್ತಿದ್ದರೆ ರಕ್ತ ಬೇಡುವವರೇ ಕಡಿಮೆ, ಅಂಕಿ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ವಿಷಯ ಇನ್ನೂ ಮುಖ್ಯ. ಕೊಬ್ಬು ಕೂಡುವುದು ನಾಳದ ಗೋಡೆಯೊಳಗೆ. ಶುರುವಿನಲ್ಲಿ ನಾಳ ಹೊರಕ್ಕೆ ಹಿಗ್ಗಿ ಒಳದಾರಿಯನ್ನು ಉಳಿಸಿಕೊಳ್ಳುತ್ತದೆ. ಗ್ಲಾಗೋವ್ ಮತ್ತು ಸಂಗಡಿಗರು 1987ರಲ್ಲೇ ಇದನ್ನು ತೋರಿಸಿದರು: ನಾಳದ ಸುಮಾರು ಶೇ. 40ರಷ್ಟು ಜಾಗ ಕೊಬ್ಬಿನ ಪಾಲಾಗುವವರೆಗೂ ದಾರಿ ಕಿರಿದಾಗದೆ ಇರಬಹುದು. ಅಷ್ಟೊಂದು ರೋಗ ಇದ್ದರೂ ಪ್ರೆಷರ್ ತಂತಿ ಏನೂ ಹೇಳದೆ ಇರಬಹುದು ಅಲ್ವಾ?

ಹೃದಯಾಘಾತ ಸಾಮಾನ್ಯವಾಗಿ ಆಗುವುದು ಗಂಟು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಒಳಗೆ ಮೆತ್ತನೆ ಕೊಬ್ಬು ಜಾಸ್ತಿ, ಮೇಲಿನ ಪೊರೆ ತೆಳು, ಉರಿಯೂತ ಬೇರೆ. ಅಂಥವು ಒಡೆಯುತ್ತವೆ. ಪೊರೆಯ ದಪ್ಪ ನೋಡಲು ಓಸಿಟಿ ಎಂಬ ಬೆಳಕಿನ ಸ್ಕ್ಯಾನ್ ಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ನಡೆದ ಕಂಬೈನ್ ಅಧ್ಯಯನದಲ್ಲಿ ಎಫ್‌ಎಫ್‌ಆರ್ 0.80ಕ್ಕಿಂತ ಮೇಲಿದ್ದವರನ್ನೇ ಓಸಿಟಿಯಲ್ಲಿ ನೋಡಿದರು. ತೆಳು ಪೊರೆಯ ಗಂಟು ಇದ್ದವರಲ್ಲಿ 18 ತಿಂಗಳಲ್ಲಿ ಶೇ. 13.3 ಮಂದಿಗೆ ತೊಂದರೆ ಬಂತು, ಇಲ್ಲದವರಲ್ಲಿ ಶೇ. 3.1.

ಹಾಗಾದರೆ ಅಂಥ ಗಂಟುಗಳಿಗೆಲ್ಲ ಸ್ಟೆಂಟ್ ಹಾಕಿಬಿಡೋಣವೇ? 2024ರ ಪ್ರಿವೆಂಟ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಎರಡು ವರ್ಷದಲ್ಲಿ ಸ್ಟೆಂಟ್ ಮತ್ತು ಔಷಧಿ ಎರಡೂ ಪಡೆದವರಲ್ಲಿ ತೊಂದರೆ ಶೇ. 0.4, ಬರೀ ಔಷಧಿಯಲ್ಲಿದ್ದವರಲ್ಲಿ ಶೇ. 3.4. ವ್ಯತ್ಯಾಸ ನಿಜ. ಆದರೆ ನಾನು ನೋಡುವುದು ಎರಡನೇ ಅಂಕಿಯನ್ನು. ಔಷಧಿ ಸರಿಯಾಗಿ ತೆಗೆದುಕೊಂಡರೆ ನೂರರಲ್ಲಿ ತೊಂಬತ್ತಾರಕ್ಕೂ ಹೆಚ್ಚು ಜನ ಸ್ಟೆಂಟ್ ಇಲ್ಲದೆಯೇ ಚೆನ್ನಾಗಿದ್ದರು. ಎಲ್ಲರಿಗೂ ಮುನ್ನೆಚ್ಚರಿಕೆಯ ಸ್ಟೆಂಟ್ ಹಾಕಲು ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.

ಕೆಲವೊಮ್ಮೆ ಇದರ ಉಲ್ಟಾನೂ ಆಗುತ್ತದೆ. ಆಂಜಿಯೋಗ್ರಾಂನಲ್ಲಿ ಹೇಳಿಕೊಳ್ಳುವಂಥ ಬ್ಲಾಕ್ ಇಲ್ಲ, ಎಫ್‌ಎಫ್‌ಆರ್ ಮಾತ್ರ 0.76. ತಂತಿಯನ್ನು ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತಾ ಒತ್ತಡ ನೋಡಿದರೆ ಕಾರಣ ಗೊತ್ತಾಗುತ್ತದೆ. ಒಂದೇ ಕಡೆ ಥಟ್ಟನೆ ಏರಿದರೆ ಅಲ್ಲಿ ಸ್ಟೆಂಟ್ ಹಾಕಿದ್ದಕ್ಕೆ ಫಲ ಸಿಗುತ್ತದೆ. ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಏರಿದರೆ ಇಡೀ ನಾಳದ ಗೋಡೆಯಲ್ಲಿ ಕೊಬ್ಬು ಹರಡಿದೆ ಎಂದರ್ಥ. ಅಲ್ಲಿ ಸುಮ್ನೆ ಸ್ಟೆಂಟ್ ಮೇಲೆ ಸ್ಟೆಂಟ್ ಹಾಕಿದರೆ ಎದೆನೋವು ಅಷ್ಟಾಗಿ ಕಡಿಮೆಯಾಗುವುದಿಲ್ಲ.

ಇನ್ನು ಮಾತ್ರೆಯ ಪ್ರಶ್ನೆ. 0.85 ಅಂದರೆ ಇವತ್ತು ಆ ಜಾಗಕ್ಕೆ ಸ್ಟೆಂಟ್ ಬೇಡ, ಅಷ್ಟೇ. ಗೋಡೆಯಲ್ಲಿ ಕೊಬ್ಬು ಇದ್ದೇ ಇದೆ. ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಆ ಕೊಬ್ಬನ್ನು ಕಡಿಮೆ ಮಾಡಿ ಪೊರೆಯನ್ನು ದಪ್ಪ ಮಾಡುತ್ತದೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 70 ಮಿಲಿಗ್ರಾಂಗಿಂತ ಕೆಳಗೆ, ಅಪಾಯ ಜಾಸ್ತಿ ಇರುವವರಲ್ಲಿ 55ಕ್ಕಿಂತ ಕೆಳಗೆ ತರಲು ನಾನು ನೋಡುತ್ತೇನೆ. ಇಷ್ಟೆಲ್ಲ ಒಳ್ಳೆಯದಾದರೂ ಎಫ್‌ಎಫ್‌ಆರ್ ಹೆಚ್ಚೇನೂ ಬದಲಾಗದೆ ಇರಬಹುದು. ಹಾಗಾಗಿ ಮಾತ್ರೆ ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ಮತ್ತೆ ತಂತಿ ಹಾಕಿಸಬೇಕಿಲ್ಲ, ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ ನೋಡಿದರೆ ಸಾಕು. ನಡೆಯುವಾಗ ಎದೆ ಹಿಡಿದಂತಾದರೆ ಅದು ಬೇರೆ ಮಾತು, ಆಗ ಬೇಗ ಬನ್ನಿ. ಕೂತಲ್ಲೇ ನೋವು ಬಂದು ಹೋಗದಿದ್ದರೆ ಹಳೆಯ ರಿಪೋರ್ಟ್‌ನಲ್ಲಿ ಎಷ್ಟಿತ್ತು ಎಂದು ನೋಡುತ್ತಾ ಕೂರಬೇಡಿ, ಆ ಕ್ಷಣವೇ ಆಂಬುಲೆನ್ಸ್ ಕರೆಯಿರಿ.