ಬಾಗಿದರೆ ಮಾತ್ರ ಚಾರ್ಜು: ವಕ್ರತೆ ಅಳೆಯುವ ಸೆರಾಮಿಕ್ ಬಿಲ್ಲೆ

ಲೋಹದ ಪಟ್ಟಿಯೊಂದನ್ನು ಬಾಗಿಸಿದಾಗ ಮೇಲ್ಮೈ ಹಿಗ್ಗುತ್ತದೆ, ಕೆಳಮೈ ಕುಗ್ಗುತ್ತದೆ, ನಡುವಿನ ಪದರ ಇದ್ದ ಹಾಗೇ ಇರುತ್ತದೆ. ಮೇಲೆ ಅಂಟಿಸಿದ ಸ್ಟ್ರೇನ್ ಗೇಜ್‌ಗೆ ಕಾಣುವುದು ಅಲ್ಲಿನ ಹಿಗ್ಗು ಮಾತ್ರ. ಅದು ಪಟ್ಟಿ ಬಾಗಿದ್ದರಿಂದ ಬಂತೋ, ಯಾರೋ ಉದ್ದಕ್ಕೆ ಎಳೆದದ್ದರಿಂದ ಬಂತೋ ಎಂದು ಒಂದೇ ಗೇಜ್ ಹೇಳಲಾರದು. ಬಾಗಿಸಿದಾಗ ಚಾರ್ಜು ಹುಟ್ಟಿಸುವ ಸೆರಾಮಿಕ್ ಬಿಲ್ಲೆ, ಅಂದರೆ ಫ್ಲೆಕ್ಸೋಎಲೆಕ್ಟ್ರಿಕ್ ಬಿಲ್ಲೆ, ಹಿಗ್ಗಿಗೆ ಸ್ಪಂದಿಸುವುದಿಲ್ಲ. ದಪ್ಪದುದ್ದಕ್ಕೂ ಆ ಹಿಗ್ಗು ಎಷ್ಟು ಕಡಿದಾಗಿ ಬದಲಾಗುತ್ತದೆ ಎಂಬುದಕ್ಕೆ, ಅಂದರೆ ಹಿಗ್ಗಿನ ಇಳಿಜಾರಿಗೆ, ಸ್ಪಂದಿಸುತ್ತದೆ. ಬಾಗಿದ ತೊಲೆಯಲ್ಲಿ ಈ ಇಳಿಜಾರು ವಕ್ರತೆಯೇ, ಅಂದರೆ ಒಂದನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದ್ದು: ಬಾಗಿನ ತ್ರಿಜ್ಯ 50 ಮೀಟರ್ ಆದರೆ ಇಳಿಜಾರು ಮೀಟರಿಗೆ 0.02.

ಕಾರಣ ಹರಳಿನೊಳಗಿದೆ. ಕೇಂದ್ರದ ಸುತ್ತ ಸಮಮಿತಿಯಿರುವ ಹರಳನ್ನು ಎಲ್ಲೆಡೆ ಒಂದೇ ಸಮನೆ ಹಿಂಡಿದರೆ ಧನ, ಋಣ ಆವೇಶಗಳ (ಚಾರ್ಜುಗಳ) ಕೇಂದ್ರಗಳು ಕದಲದೆ ಒಂದರ ಮೇಲೊಂದು ಕೂತಿರುತ್ತವೆ. ಬಾಗಿಸಿದರೆ ಪ್ರತಿ ಕೋಶದ ಒಂದು ಬದಿ ಅಗಲವಾಗಿ ಇನ್ನೊಂದು ಇಕ್ಕಟ್ಟಾಗುತ್ತದೆ. ಆವೇಶಗಳ ಸಮತೋಲ ಅಲ್ಲಿ ತಪ್ಪುತ್ತದೆ. ಪೀಜೋಎಲೆಕ್ಟ್ರಿಕ್ ಗುಣ (ಹಿಗ್ಗಿಸಿದರೆ, ಹಿಂಡಿದರೆ ಚಾರ್ಜು ಹುಟ್ಟುವುದು) ಕೆಲವು ಬಗೆಯ ಹರಳುಗಳಿಗೆ ಮಾತ್ರ ಒಲಿದದ್ದು, ಬಾಗಿದರೆ ಚಾರ್ಜು ಹುಟ್ಟುವ ಈ ಗುಣ ವಿದ್ಯುತ್ ಹರಿಯಗೊಡದ ಎಲ್ಲ ವಸ್ತುಗಳಲ್ಲೂ ಇದೆ. ಆದರೆ ಎಷ್ಟಿದೆ? 1964ರಲ್ಲಿ ಭೌತವಿಜ್ಞಾನಿ ಕೋಗನ್ ಅಂದಾಜಿಸಿದ ಗುಣಾಂಕ (ಇಳಿಜಾರಿಗೆ ಎಷ್ಟು ಚಾರ್ಜು ಎಂಬ ಅಂಕಿ) ಮೀಟರಿಗೆ 0.1 ನ್ಯಾನೋಕೂಲಂಬ್, ನಗಣ್ಯವೆನ್ನಬಹುದಾದಷ್ಟು. ಈ ಶತಮಾನದ ಆರಂಭದಲ್ಲಿ ಸಂಶೋಧಕರಾದ ಮಾ ಮತ್ತು ಕ್ರಾಸ್ ಬೇರಿಯಂ ಸ್ಟ್ರಾಂಷಿಯಂ ಟೈಟನೇಟ್ ಸೆರಾಮಿಕ್‌ನಲ್ಲಿ ಮೀಟರಿಗೆ ಸುಮಾರು 100 ಮೈಕ್ರೋಕೂಲಂಬ್ ಅಳೆದರು. ಹತ್ತು ಲಕ್ಷ ಪಟ್ಟು ಹೆಚ್ಚು!

ಲೆಕ್ಕ ಹಾಕಿ ನೋಡೋಣ. 10 ಮಿ.ಮೀ. ದಪ್ಪದ ತೊಲೆ 50 ಮೀಟರ್ ತ್ರಿಜ್ಯಕ್ಕೆ ಬಾಗಿದೆ; ಕಣ್ಣಿಗೆ ಕಾಣದಷ್ಟು ಬಾಗು. ಅದರ ಮೇಲೆ 1 ಚದರ ಸೆ.ಮೀ. ಎಲೆಕ್ಟ್ರೋಡ್ ಇರುವ ಬಿಲ್ಲೆ. 100 ಮೈಕ್ರೋಕೂಲಂಬನ್ನು 0.02ರಿಂದ ಗುಣಿಸಿದರೆ ಚದರ ಮೀಟರಿಗೆ 2 ಮೈಕ್ರೋಕೂಲಂಬ್. ಬಿಲ್ಲೆಯ ಪಾಲಿಗೆ 200 ಪೀಕೋಕೂಲಂಬ್. ಚಾರ್ಜನ್ನು ವೋಲ್ಟೇಜ್ ಆಗಿಸುವ ಚಾರ್ಜ್ ಆಂಪ್ಲಿಫೈಯರ್‌ನ ಫೀಡ್‌ಬ್ಯಾಕ್ ಕೆಪಾಸಿಟರ್ 1 ನ್ಯಾನೋಫ್ಯಾರಡ್ ಇದ್ದರೆ 0.2 ವೋಲ್ಟ್, ಆರಾಮವಾಗಿ ಓದಬಹುದು. ಅದರ ಜೊತೆಗಿನ ರೆಸಿಸ್ಟರ್ 1 ಗಿಗಾಓಮ್ ಆದರೆ ಚಾರ್ಜು ಒಂದು ಸೆಕೆಂಡಿನ ಲೆಕ್ಕದಲ್ಲಿ ಸೋರಿಹೋಗುತ್ತದೆ, 0.16 ಹರ್ಟ್ಸ್‌ಗಿಂತ ನಿಧಾನದ ಚಲನೆ ಮಸುಕಾಗುತ್ತದೆ. ಕಂಪನ ಹಿಡಿಯಲು ಇದು ಸೊಗಸಾದ ಸಾಧನ; ಬಾಗಿ ಹಾಗೇ ನಿಂತ ತೊಲೆಯ ಬಾಗು ಎಷ್ಟೆಂದು ಕೇಳಿದರೆ ಉತ್ತರ ಸಿಗದು.

ನಿಜವಾದ ತೊಡಕು ಬೇರೆ. ಅದೇ ತೊಲೆಯ ಮೇಲ್ಮೈಯ ಹಿಗ್ಗು 100 ಮೈಕ್ರೋಸ್ಟ್ರೇನ್. ಪೋಲಿಂಗ್ ಮಾಡಿದ (ಬಲವಾದ ವಿದ್ಯುತ್ ಕ್ಷೇತ್ರದಲ್ಲಿಟ್ಟು ಧ್ರುವೀಕರಿಸಿದ) ಪಿಜೆಡ್‌ಟಿ ಎಂಬ ಪೀಜೋ ಸೆರಾಮಿಕ್‌ನಲ್ಲಿ ಪೀಜೋ ಗುಣಾಂಕ ಚದರ ಮೀಟರಿಗೆ 10 ಕೂಲಂಬ್‌ನ ಆಸುಪಾಸು. ನಮ್ಮ ಬಿಲ್ಲೆಯಲ್ಲಿ ಅದರ ಸಾವಿರದಲ್ಲೊಂದು ಪಾಲು ಪೀಜೋ ಗುಣ ಅಡಗಿದ್ದರೂ ಚದರ ಮೀಟರಿಗೆ 1 ಮೈಕ್ರೋಕೂಲಂಬ್ ಬರುತ್ತದೆ, ನಮಗೆ ಬೇಕಾದ ಸಂಕೇತದ ಅರ್ಧ. ಹಿಗ್ಗಿಗೆ ಕಿವುಡು ಎಂದು ಕೊಂಡಾಡಿದ ಬಿಲ್ಲೆ ಹಿಗ್ಗಿಗೂ ಕೂಗತೊಡಗುತ್ತದೆ. ಪತ್ತೆಗೆ ಉಪಾಯ ಸರಳ: ಒಂದೇ ಬ್ಯಾಚಿನ ಎರಡು ಬಿಲ್ಲೆಗಳಲ್ಲಿ ಒಂದನ್ನು ಮಗುಚಿ, ಅಕ್ಕಪಕ್ಕ ಅಂಟಿಸಿ, ಎರಡರಲ್ಲೂ ಮೇಲ್ಮೈಯ ಸಂಕೇತ ಓದಿ. ವಕ್ರತೆಯ ಭಾಗ ಎರಡರಲ್ಲೂ ಒಂದೇ ಚಿಹ್ನೆಯದು, ಒಂದೇ ದಿಕ್ಕಿನ ಪೀಜೋ ಭಾಗ ತಿರುವುಮುರುವು. ಸರಾಸರಿ ತೆಗೆದರೆ ವಕ್ರತೆ ಉಳಿಯುತ್ತದೆ. ಎರಡು ಮುಖಗಳ ಪದರಗಳು ಹೊರಮುಖವಾಗಿ ಧ್ರುವೀಕರಣಗೊಂಡಿದ್ದರೆ ಮಾತ್ರ ಈ ಉಪಾಯ ಸೋಲುತ್ತದೆ, ಏಕೆಂದರೆ ಮಗುಚಿದರೂ ಅದು ಹಾಗೇ ಕಾಣುತ್ತದೆ.

ತಾಪಮಾನವೂ ಕಾಡುತ್ತದೆ. ಆ ದೊಡ್ಡ ಗುಣಾಂಕ ಸಿಗುವುದು ಕ್ಯೂರಿ ತಾಪಮಾನದ (ಸೆರಾಮಿಕ್ ತನ್ನ ಸಹಜ ಧ್ರುವೀಕರಣ ಕಳೆದುಕೊಳ್ಳುವ ತಾಪಮಾನದ) ಹತ್ತಿರ, ಬೇರಿಯಂ 67, ಸ್ಟ್ರಾಂಷಿಯಂ 33ರ ಮಿಶ್ರಣಕ್ಕೆ ಸುಮಾರು 21 ಡಿಗ್ರಿ ಸೆಲ್ಸಿಯಸ್. ಬಿಸಿ ಏರಿದಂತೆ ಅದು ಸರ್ರನೆ ಇಳಿಯುತ್ತದೆ. ಬಿಲ್ಲೆಯ ಪಕ್ಕದಲ್ಲೇ ತಾಪಮಾನ ಅಳೆಯುವ ಥರ್ಮಿಸ್ಟರ್ ಕೂರಿಸಿ, ಹಲವು ತಾಪಮಾನಗಳಲ್ಲಿ ಕ್ಯಾಲಿಬ್ರೇಟ್ ಮಾಡದೆ ಅಂಕಿಗಳನ್ನು ನಂಬಬೇಡಿ.

ತೊಲೆ ತೆಳುವಾಗಿದ್ದರೆ ಗಡಸು ಸೆರಾಮಿಕ್ ಅಂಟಿಸಿದ ಜಾಗವೇ ಬಾಗದೆ ಬಿಗಿದು ನಿಲ್ಲುತ್ತದೆ, ಅಳತೆ ಕಡಿಮೆ ಬರುತ್ತದೆ. ಎಪಾಕ್ಸಿ ಅಂಟನ್ನು ತೆಳ್ಳಗೆ, ಗುಳ್ಳೆಯಿಲ್ಲದಂತೆ ಹರಡಿ. ಎಲೆಕ್ಟ್ರೋಡನ್ನು ಅಂಚಿನಿಂದ ಒಂದು ಮಿ.ಮೀ. ಒಳಗೇ ನಿಲ್ಲಿಸಿ; ಇಲ್ಲವಾದರೆ ತೇವ ಕೂತು ಚಾರ್ಜು ಅಂಚಿನ ಮೇಲೆ ಸೋರುತ್ತದೆ. ಕೊನೆಗೆ ಕೇಬಲ್: ಅಲುಗಿದರೆ ಒಳಗಿನ ಉಜ್ಜಾಟದಿಂದ ತಾನೇ ಚಾರ್ಜು ಹುಟ್ಟಿಸುತ್ತದೆ. ಲೋ-ನಾಯ್ಸ್ ಕೇಬಲ್ ಹಾಕಿ, ತೊಲೆಗೆ ಟೇಪಿನಿಂದ ಬಿಗಿದು, ತೊಲೆ ಸುಮ್ಮನಿರುವಾಗ ಬೆರಳಿನಿಂದ ಕೇಬಲನ್ನು ತಟ್ಟಿ ನೋಡಿ. ಪರದೆಯ ಗೆರೆ ನೆಗೆದರೆ ಬಿಲ್ಲೆಯನ್ನು ಬೈಯುವ ಮೊದಲು ಕೇಬಲ್ ಸರಿಪಡಿಸಿ.