ಕೊಂಚಾವರಂ ಕಾಡಿಗೆ ಎಷ್ಟ್ ಗೆರಿ ಎಳದ್ರು, ಯಾರನ್ನ ಕೇಳಿ ಎಳದ್ರು

ಕಲಬುರಗಿ ಜಿಲ್ಲಾದಾಗ ಕಾಡು ಅದ ಅಂದ್ರ ಬೆಂಗಳೂರಿನವ್ರು ಬಿಡ್ರಿ, ಅಫಜಲಪುರ, ಜೇವರ್ಗಿ ಕಡಿ ಮಂದಿನೂ ನಂಬಂಗಿಲ್ಲ. ಚಿಂಚೋಳಿ ದಾಟಿ ಕೊಂಚಾವರಂ ಹಾದಿ ಹಿಡದ್ರ ತೊಗರಿ ಹೊಲ ಮುಗದು ಗುಡ್ಡ ಶುರು ಆಗ್ತಾವ, ಅಂಚಿಗೆ ಇಲಾಖೆ ನೆಟ್ಟ ತೇಗ, ಜಾಲಿ, ಒಳಗ ಹೋದಂಗ ಖರೇ ಕಾಡು, ಶ್ರೀಗಂಧ ಅದ, ರಕ್ತಚಂದನ ಅದ, ಚಂದ್ರಂಪಳ್ಳಿ ಡ್ಯಾಮಿನ ನೀರದ, ಗುಡ್ಡದಾಚಿ ತೆಲಂಗಾಣ. ಇದರಾಗ 134.88 ಚದರ ಕಿಲೋಮೀಟರ್ ಜಾಗಾನ 2011ರ ನವೆಂಬರ್ 28ಕ್ಕ ಸರ್ಕಾರ ಚಿಂಚೋಳಿ ವನ್ಯಜೀವಿ ಧಾಮ ಅಂತ ಘೋಷಣೆ ಮಾಡ್ತು. ದಕ್ಷಿಣ ಭಾರತದ ಮೊದಲ ಒಣಭೂಮಿ ಧಾಮ ಅಂತ ಹೇಳ್ಕೋತೀವಿ. ಈ ಕಾಡಿನ ತಾಂಡಾಗಳನ್ನ, ಅಂದ್ರ ಲಂಬಾಣಿ ವಸ್ತಿಗಳನ್ನ, ಎಬ್ಬಿಸ್ಬೇಕು ಅಂತ ಮಾತಾಡೋರು ಅದಾರ, ಆ ತಕರಾರಿನ ಬಗ್ಗೆನೇ ಇಲ್ಲಿ ಬರದೀನಿ.

ಮಳಿಗಾಲದಾಗ ಎತ್ತಿಪೋತ ಜಲಪಾತ ನೋಡಿ ಬಂದವ್ರು ಇದನ್ನ ನ್ಯಾಷನಲ್ ಪಾರ್ಕೇ ಮಾಡ್ಬೇಕ್ರಿ ಅಂತಾರ. ರಾಜ್ಯದಾಗ ಇರೋ ಐದು ನ್ಯಾಷನಲ್ ಪಾರ್ಕ್‌ನಾಗ, ಅಂದ್ರ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ, ಒಂದೂ ನಮ್ ಕಡಿ ಇಲ್ಲ ಅನ್ನೋ ಸಿಟ್ಟು ನನಗೂ ಅದ. ಆದ್ರ 1972ರ ವನ್ಯಜೀವಿ ಕಾಯ್ದೆ ಒಂದ್ಸಲ ತಗದು ಓದ್ರಿ. ಧಾಮದಾಗ ದನ ಮೇಯಿಸೋದನ್ನ ಅರಣ್ಯ ಇಲಾಖೆಯ ವನ್ಯಜೀವಿ ವಾರ್ಡನ್ ಕಂಟ್ರೋಲ್ ಮಾಡಬಹುದು ಇಲ್ಲಾ ಬಂದ್ ಮಾಡಬಹುದು, ಜನರ ಕೆಲವು ಹಕ್ಕು ಮುಂದುವರಸಲಿಕ್ಕೂ ದಾರಿ ಅದ. ನ್ಯಾಷನಲ್ ಪಾರ್ಕ್ ಆದ್ರ 35ನೇ ಸೆಕ್ಷನ್ ಪ್ರಕಾರ ಒಳಗಿನ ಹಕ್ಕೆಲ್ಲ ಮುಗದು ಜಮೀನು ಸರ್ಕಾರಕ್ಕ ಸೇರ್ಬೇಕು, ಮೇಯಿಸೋದು ಪೂರಾ ಬಂದ್. ಕುದುರೆಮುಖದಾಗ ಮೊದಲ ನೋಟಿಫಿಕೇಶನ್ 1987ಕ್ಕ, ಫೈನಲ್ ಆಗಿದ್ದು 2001ಕ್ಕ. ಹದಿನಾಲ್ಕು ವರ್ಷ! ಅಲ್ಲಿ ಘಟ್ಟ, ಶೋಲಾ ಕಾಡು, ಕಬ್ಬಿಣದ ಗಣಿ, ಎಲ್ಲಾ ದೊಡ್ಡ ಕಥಿ ಖರೇ, ಗಣಿನೂ 2005ರ ಕೊನೀಗೆ ಬಂದ್ ಆಯ್ತು, ಆದ್ರ ಒಳಗಿದ್ದ ಮನಿಯವ್ರು ಇರ್ಬೇಕೋ ಹೋಗ್ಬೇಕೋ ಅನ್ನೋ ಜಗಳ ಫೈನಲ್ ಆದಮ್ಯಾಲನೂ ಮುಗೀಲಿಲ್ಲ.

ನಮ್ ಕಾಡಿನ ಮೊದಲ ಗೆರಿ ಹುಡುಕ್ಲಿಕ್ಕೆ ಹಿಂದ ಹೋಗ್ಬೇಕು. 1948ರ ಸೆಪ್ಟೆಂಬರ್ 17ರ ತನಕ ಇದು ನಿಜಾಮನ ರಾಜ್ಯ, ಆಡಳಿತದ ಕಾಗದ ಎಲ್ಲಾ ಉರ್ದು. ಆಮ್ಯಾಲ 1956ಕ್ಕ ಹೈದರಾಬಾದ್ ರಾಜ್ಯ ಒಡದು ನಾವು ಮೈಸೂರು ರಾಜ್ಯಕ್ಕ ಬಂದ್ವಿ, ಗುಡ್ಡದ ಆ ಕಡಿ ಆಂಧ್ರಕ್ಕ ಹೋಯ್ತು, ಒಂದೇ ಕಾಡು ಎರಡು ರಾಜ್ಯ, ಎರಡು ಇಲಾಖೆ. ತಾಂಡಾದವ್ರನ್ನ ಯಾರು ಕೇಳ್ತಾರ. ಎತ್ತಿನ ಮ್ಯಾಲ ಉಪ್ಪು, ದವಸ ಹೇರ್ಕೊಂಡು ಊರೂರು ತಿರಗತಿದ್ದ ಲಂಬಾಣಿ ಮಂದಿ, ರೈಲು ಬಂದಮ್ಯಾಲ ಆ ಧಂದಾ ಬಿದ್ದು, ಇಂಥಾ ಗುಡ್ಡಗಾಡಿನ ಅಂಚಿಗೆ ನೆಲಿ ನಿಂತವ್ರು. ಬೀಳಾಗಿದ್ದ ನೆಲ ಕಡದು ಜ್ವಾಳ ಬಿತ್ತಿದ್ರು, ಪಟ್ಟಾ ಮಾಡಿಸ್ಬೇಕು ಅಂತ ಯಾರಿಗೆ ಗೊತ್ತಿತ್ತು.

ಈಗ ಕಾಯ್ದೆದಾಗಿನ ಒಂದು ಸಂದಿ ನೋಡ್ರಿ, ನನ್ನ ಪ್ರಕಾರ ಇಡೀ ತಕರಾರಿನ ಬೇರು ಇಲ್ಲೇ ಅದ. ಸಾಮಾನ್ಯ ಜಾಗಾನ ಧಾಮ ಮಾಡ್ಬೇಕಂದ್ರ ಜಿಲ್ಲಾಧಿಕಾರಿ ಊರ ಭಾಷಾದಾಗ ಪ್ರಕಟಣೆ ಹೊರಡಿಸಿ, ಎರಡು ತಿಂಗಳು ಟೈಮ್ ಕೊಟ್ಟು, ಯಾರ ಹಕ್ಕು ಏನದ ಅಂತ ವಿಚಾರಣೆ ಮಾಡ್ಬೇಕು. ಆದ್ರ ಅದು ಮೊದಲೇ ರಿಸರ್ವ್ ಫಾರೆಸ್ಟ್, ಅಂದ್ರ ಸರ್ಕಾರ ಗೆರಿ ಎಳದು ಕಾಯ್ದಿಟ್ಟ ಅರಣ್ಯ, ಆಗಿದ್ರ ಈ ವಿಚಾರಣೆ ಬೇಕಾಗಿಲ್ಲ, 26ಎ ಸೆಕ್ಷನ್‌ನಾಗ ಸೀದಾ ಘೋಷಣೆ ಮಾಡಬಹುದು, ಯಾಕಂದ್ರ ರಿಸರ್ವ್ ಮಾಡುವಾಗಲೇ ಹಕ್ಕೆಲ್ಲ ತೀರ್ಮಾನ ಆಗ್ಯಾವ ಅಂತ ಕಾಯ್ದೆ ಹಿಡ್ಕೋತದ. ಹಿಂದಿನ ಕಾಲದಾಗ, ಓದ್ಲಿಕ್ಕೆ ಬರದ ಮಂದಿಗೆ, ಯಾವ ಭಾಷಾದಾಗ ನೋಟಿಸ್ ಮುಟ್ಟಿರ್ಬೇಕು ನೀವೇ ಹೇಳ್ರಿ.

ಧಾಮ ಅನ್ನೋ ಬೋರ್ಡ್ ಬಿದ್ದಮ್ಯಾಲ ಬದಲಾಗೋದು ಏನಂದ್ರ ಸಣ್ಣಸಣ್ಣವು. 2000ನೇ ಇಸವಿ ಫೆಬ್ರವರಿ 14ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಧಾಮದಾಗಿಂದ ಒಣಗಿದ ಮರ, ಗಾಳಿಗೆ ಬಿದ್ದ ಮರ, ಹುಲ್ಲು ಸೈತ ತಗೊಂಡು ಹೋಗಂಗಿಲ್ಲ. ಸೀತಾಫಲ ಹರಕೊಂಡು ಸಂತಿಗೆ ಒಯ್ಯೋ ಹೆಣಮಗಳು, ಒಂದ್ ಹೊರಿ ಕಟ್ಟಗಿ ತರೋ ಮುದುಕ, ಇವ್ರು ಮಾಡೋದು ನಿನ್ನೆ ತನಕ ದಿನಚರಿ, ಇವತ್ತು ಗಾರ್ಡ್ ಮನಸ್ಸು ಮಾಡಿದ್ರ ಕೇಸ್.

ಇದನ್ನ ಸರಿ ಮಾಡ್ಲಿಕ್ಕೇ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಧಾಮಕ್ಕೂ, ನ್ಯಾಷನಲ್ ಪಾರ್ಕಿಗೂ ಅನ್ವಯ ಆಗ್ತದ, ಹಕ್ಕು ಪರಿಶೀಲನೆ ಮುಗಿಯೋ ತನಕ ಯಾರನ್ನೂ ಎಬ್ಬಿಸಂಗಿಲ್ಲ ಅಂತದ. ಪರಿಶಿಷ್ಟ ಪಂಗಡದವ್ರಾದ್ರ 2005ರ ಡಿಸೆಂಬರ್ 13ಕ್ಕಿಂತ ಮೊದಲು ಅಲ್ಲಿದ್ರ ಸಾಕು. ಬಾಕಿಯವ್ರು ಅದಕ್ಕಿಂತ ಹಿಂದಿನ ಮೂರು ತಲಿಮಾರು, ಅಂದ್ರ 75 ವರ್ಷ ಇದ್ದೀವಿ ಅಂತ ತೋರಿಸ್ಬೇಕು. ಈಗ ಮಜಾ ನೋಡ್ರಿ: ಲಂಬಾಣಿಗರು ತೆಲಂಗಾಣದಾಗ ಪರಿಶಿಷ್ಟ ಪಂಗಡ, ಕರ್ನಾಟಕದಾಗ ಪರಿಶಿಷ್ಟ ಜಾತಿ. ಗುಡ್ಡದ ಆಚಿ ತಾಂಡಾದಾಗಿನ ಬೀಗರಿಗೆ 2005ರ ಪುರಾವೆ ನಡೀತದ, ಈಚಿ ತಾಂಡಾದವ್ರು 1930ರದ್ದು ತರ್ಬೇಕು! ಅದೇ ಮಾತು, ಅದೇ ಸೇವಾಲಾಲ ಗುಡಿ, ಅದೇ ಮಂದಿ. ಖರೇ ಹೇಳ್ಬೇಕಂದ್ರ ಕಾಗದನೇ ಬೇಕು ಅಂತ ಹಟ ಮಾಡಂಗಿಲ್ಲ ಅಂತ ನಿಯಮ ಅದ, ಹಿರಿಯರ ಹೇಳಿಕಿ, ಹಳೇ ಬಾವಿ, ಬದು, ಸ್ಮಶಾನ, ದೇವರ ಕಟ್ಟಿ ಎಲ್ಲಾ ಪುರಾವೆನೇ, ಆದ್ರ ಕಚೇರಿಗೆ ಹೋದ್ರ ಮೊದಲು ಕೇಳೋದು ಕಾಗದನೇ.

ಇನ್ನ ಪ್ರಾಣಿ ಕಡಿಯಿಂದ ನೋಡಿದ್ರ ಗೆರಿ ಅಲ್ಲೂ ಸರಿ ಕುಂತಿಲ್ಲ. ನಾಕು ಕೊಂಬಿನ ಕೊಂಡುಕುರಿಗೆ ಕಾಡು ಬೇಕು, ಒಪ್ಪತೀನಿ. ತ್ವಾಳ, ಚಿಗರಿ ಬಯಲಿನವು, ಹುಲ್ಲುಗಾವಲು, ಬೀಳು ಹೊಲ ಅವಕ್ಕ ಬೇಕು, ಅವೆಲ್ಲ ಧಾಮದ ಹೊರಗಿರೋದೇ ಹೆಚ್ಚು. ಹೊರಗಿನ ಅಂಚಿಗಂತ ಇರೋ ಪರಿಸರ ಸೂಕ್ಷ್ಮ ವಲಯ, ಅಂದ್ರ ಕೆಲವು ಕೆಲಸಕ್ಕ ಕಡಿವಾಣ ಇರೋ ಪಟ್ಟಿ, ಅದರ ಬಗ್ಗೆ 2022ರ ಜೂನ್‌ನಾಗ ಸುಪ್ರೀಂ ಕೋರ್ಟ್ ಎಲ್ಲಾ ಕಡಿ ಕನಿಷ್ಠ ಒಂದು ಕಿಲೋಮೀಟರ್ ಬೇಕು ಅಂತು, 2023ರ ಏಪ್ರಿಲ್‌ನಾಗ ಅದನ್ನೇ ಸಡಿಲ ಮಾಡ್ತು, ಜಾಗಾ ನೋಡಿ ತೀರ್ಮಾನ ಆಗ್ಲಿ ಅಂತ. ಬಯಲು ಪ್ರಾಣಿಗೆ ಇದಕ್ಕಿಂತ ಕನ್ಸರ್ವೇಶನ್ ರಿಸರ್ವ್ ಚೊಲೋ ಅನಸ್ತದ, ತುಮಕೂರು ಕಡಿ ಜಯಮಂಗಲಿಯೊಳಗ ಕೃಷ್ಣಮೃಗಕ್ಕ ಮಾಡ್ಯಾರಲ್ಲ ಹಂಗ, ಅಲ್ಲಿ ಊರವ್ರನ್ನ ಕೇಳಿನೇ ಘೋಷಣೆ ಮಾಡ್ಬೇಕು ಅಂತ ಕಾಯ್ದೆನೇ ಹೇಳ್ತದ.

2023ರ ಜನವರಿ 19ಕ್ಕ ಮಳಖೇಡದಾಗ ಪ್ರಧಾನಿ ಬಂದು ಐದು ಜಿಲ್ಲಾದ 50,000ಕ್ಕಿಂತ ಹೆಚ್ಚು ಮಂದಿಗೆ ಹಕ್ಕುಪತ್ರ ಕೊಟ್ಟಿದ್ದು ನೆನಪಿರ್ಬೇಕು, ತಾಂಡಾಗಳು ಕಂದಾಯ ಗ್ರಾಮ ಆದ್ವು ಅಂತ ದೊಡ್ಡ ಸಭಾ ಆಯ್ತು. ಅರಣ್ಯ ಜಮೀನಿನೊಳಗಿನ ತಾಂಡಾಕ್ಕ ಆ ದಾರಿ ಸಾಲಂಗಿಲ್ಲ. ಅವಕ್ಕ ಅರಣ್ಯ ಹಕ್ಕು ಕಾಯ್ದೆಯ 3(1)(ಎಚ್) ಅಂತ ಒಂದು ಕಲಂ ಅದ, ಕಾಡಿನೊಳಗಿನ ಹಳೇ ವಸ್ತಿನ ಕಂದಾಯ ಗ್ರಾಮ ಮಾಡೋ ಹಕ್ಕು. ಅರ್ಜಿ ಗ್ರಾಮಸಭಾದಿಂದಲೇ ಹೊರಡ್ಬೇಕು, ಮತ್ತ ಅಲ್ಲೂ ಕೇಳೋದು ಆ 75 ವರ್ಷಾನೇ. ತಾಂಡಾ ಎಬ್ಬಿಸೋ ಮಾತು ಆಡೋರು ಮೊದಲು ಈ ಗ್ರಾಮಸಭಾ ಕರೀರಿ, ಹಳೇ ಬಾವಿ, ಸ್ಮಶಾನ ನಡದು ನೋಡಿ ಬರ್ಕೋರಿ, ನಿಜಾಮನ ಕಾಲದ ಕಾಗದ ನೋಡ್ಲಿಕ್ಕೆ ಉರ್ದು ಓದ್ಲಿಕ್ಕೆ ಬರೋರ್ನೂ ಒಬ್ಬರನ್ನ ಕೂಡಿಸ್ಕೋರಿ.